ಹಗುರವೊಂದೇ ವೇಗವಲ್ಲ

‘ತೂಕ ಇಳಿಸಿ, ವೇಗ ತಾನಾಗಿ ಬರುತ್ತದೆ’ ಎಂದು ಔಟ್‌ಬೋರ್ಡ್ ದೋಣಿಗಳ (ಹಿಂಬದಿಗೆ ಹೊರಗಿನಿಂದ ಎಂಜಿನ್ ಕಟ್ಟುವ ದೋಣಿಗಳ) ಬಗ್ಗೆ ಲೇಖಕರೊಬ್ಬರು ಬರೆದದ್ದು ಅರ್ಧಸತ್ಯ, ಅದೂ ಅಪಾಯಕಾರಿ. ಅಮೆರಿಕದ ದೋಣಿ ವಿನ್ಯಾಸಕ ಜಾರ್ಜ್ ಕ್ರೌಚ್ ಅವರ, ದೋಣಿಯ ವೇಗ ಅಂದಾಜಿಸುವ ಸೂತ್ರದಲ್ಲಿ ತೂಕ ಕೂತಿರುವುದು ವರ್ಗಮೂಲದೊಳಗೆ. ಎಂಜಿನ್ ಅದೇ ಇದ್ದು ಶೇ 10 ತೂಕ ಇಳಿಸಿದರೆ ವೇಗ ಏರುವುದು ಸುಮಾರು ಶೇ 5 ಮಾತ್ರ. ವಿನ್ಯಾಸದ ಗುಣಾಂಕವಾದರೋ ನೇರವಾಗಿ ಗುಣಿಸುತ್ತದೆ: ಸಾಧಾರಣ ದೋಣಿಗೆ 150, ವೇಗದ ದೋಣಿಗೆ 190. ಈ ಅಂತರವನ್ನು ತೂಕದಿಂದಲೇ ತುಂಬಲು ಹೊರಟರೆ ದೋಣಿಯ ಶೇ 38 ಭಾಗವನ್ನೇ ಕಿತ್ತೆಸೆಯಬೇಕು!

ತೂಕ ಇಳಿಸಲೆಂದು ತಳದ ಫೈಬರ್ ತೆಳುವಾಗಿಸಿದರೆ ಹಿಂಭಾಗದ ತಳ ಒಳಕ್ಕೆ ಬಾಗಬಹುದು. ಬಾಗಿದ ತಳ ಹಿಂಬದಿಯನ್ನು ಎತ್ತಿ ಮೂತಿಯನ್ನು ನೀರಿಗೆ ಒತ್ತುತ್ತದೆ. ಉಳಿಸಿದ ತೂಕದ ಲಾಭವೆಲ್ಲ ನೀರುಪಾಲು. ಗರಗಸ ಹಿಡಿಯುವ ಮುನ್ನ, ದಯವಿಟ್ಟು, ತಳಕ್ಕೊಂದು ನೇರಪಟ್ಟಿ ಇಟ್ಟು ನೋಡಿ.