ಆಟದ ಅಂಕಣದಲ್ಲಿ ನಡತೆ ಮತ್ತು ನಂಬಿಕೆ

ಸಿರುಗುಪ್ಪದಲ್ಲಿ ಇಲ್ಲವೇ ಕುರುಗೋಡಿನಲ್ಲಿ ತಾಲೂಕು ಮಟ್ಟದ ಕ್ರೀಡಾಕೂಟ ನಡೆಯಲಿ, ಬಳ್ಳಾರಿಯಲ್ಲಿ ಜಿಲ್ಲಾ ಮಟ್ಟದ್ದೇ ನಡೆಯಲಿ, ಕೊನೆಗೆ ವೇದಿಕೆ ಹತ್ತುವವರು ಗೆದ್ದವರು ಮಾತ್ರ. ಗೆದ್ದವರನ್ನು ಮೆರೆಸುವುದರಲ್ಲಿ ತಪ್ಪೇನಿಲ್ಲ. ಆದರೆ ಪ್ರೌಢಶಾಲೆಯಲ್ಲಿ ಆಟ ಇರುವುದು ಮಕ್ಕಳನ್ನು ಬೆಳೆಸಲಿಕ್ಕೆ ಎನ್ನುವುದಾದರೆ, ಅವರು ಹೇಗೆ ಗೆದ್ದರು, ಹೇಗೆ ಸೋತರು ಎಂಬುದಕ್ಕೂ ಆ ವೇದಿಕೆಯಲ್ಲಿ ಜಾಗ ಇರಬೇಕು. ಇಲ್ಲಿಯವರೆಗೆ ಬಹಳ ಮಂದಿ ಒಪ್ಪುತ್ತಾರೆ. ತಕರಾರು ಏಳುವುದು ಮುಂದಿನ ಪ್ರಶ್ನೆಗೆ: ಒಬ್ಬ ಹುಡುಗಿಯ ಒಳ್ಳೆಯ ನಡತೆಗೆ ಅವಳ ಕ್ರೈಸ್ತ ನಂಬಿಕೆಯೇ ಬೇರು ಎಂದಾದರೆ, ಆ ನಂಬಿಕೆಯನ್ನೂ ಗೌರವಿಸಬೇಕೇ? ಗೌರವಿಸಬೇಕು ಎನ್ನುವುದು ನನ್ನ ವಾದ. ಆದರೆ ಅದನ್ನು ಯಾವ ಒರೆಗಲ್ಲಿಗೆ ಹಚ್ಚಿ ನೋಡುತ್ತೇವೆ ಎಂಬುದು ಮುಖ್ಯ.

ಮೊದಲು ನಡತೆಯ ಮಾತು. ಖೋ ಖೋ ಆಟವನ್ನೇ ತೆಗೆದುಕೊಳ್ಳಿ. ಓಡುವವಳು ಕಂಬ ಸುತ್ತಿ ತಿರುಗುವಾಗ ಬೆನ್ನಟ್ಟಿದವಳ ಬೆರಳ ತುದಿ ಅವಳ ಬೆನ್ನಿಗೆ ತಾಕುತ್ತದೆ. ಧೂಳೆದ್ದಿದೆ, ಅಂಪೈರ್ ಕಣ್ಣಿಗೆ ಅದು ಬಿದ್ದಿಲ್ಲ. ತಾಕಿದ್ದು ಗೊತ್ತಿರುವುದು ಆ ಇಬ್ಬರಿಗೇ. ಆಗ ಓಡುವವಳು ತಾನಾಗಿಯೇ ಕೈಯೆತ್ತಿ ಅಂಕಣದಿಂದ ಹೊರನಡೆದರೆ ಎದುರಾಳಿಗೆ ಅಂಕ ಸಿಗುತ್ತದೆ, ಗೆಳತಿಯರು ಬೈಯುತ್ತಾರೆ, ಪಿ.ಟಿ. ಮಾಸ್ತರೂ ಮುಖ ಗಂಟಿಕ್ಕಬಹುದು. ಜನ್ಮ ದಿನಾಂಕ ತಿದ್ದಿ ಕಿರಿಯರ ವಿಭಾಗದಲ್ಲಿ ಆಡಿಸಲು ದೊಡ್ಡವರೇ ಮುಂದಾದಾಗ ‘ಬೇಡ ಸರ್’ ಎನ್ನುವುದು ಇನ್ನೂ ಕಷ್ಟ. ಯಾರೂ ನೋಡದಿರುವಾಗ, ತನಗೇ ನಷ್ಟವಾಗುವಾಗ ಮಾಡುವ ಇಂಥ ಆಯ್ಕೆಯಲ್ಲೇ ನಡತೆ ಇದೆ. ‘ಯಾಕಮ್ಮಾ ಹೀಗೆ ಮಾಡಿದೆ?’ ಎಂದು ಕೇಳಿದಾಗ ಅವಳು ‘ದೇವರು ನೋಡಿದ್ದಾನಲ್ಲ ಸರ್’ ಎಂದರೆ, ಆ ಉತ್ತರವನ್ನು ನಾವು ಪಕ್ಕಕ್ಕೆ ಸರಿಸುವಂತಿಲ್ಲ.

ಇಂಥ ಆಯ್ಕೆಗೆ ದೊಡ್ಡ ಉದಾಹರಣೆ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡ್ಡೆಲ್. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಹೀಟ್ಸ್ ಭಾನುವಾರ ಎಂದು ತಿಂಗಳುಗಳ ಮೊದಲೇ ತಿಳಿದಾಗ, ಅದು ದೇವರ ದಿನವೆಂದು ಅವರು ತಮ್ಮ ಮೆಚ್ಚಿನ ಓಟದಿಂದಲೇ ಹಿಂದೆ ಸರಿದರು. ಆ ಭಾನುವಾರ ಪ್ಯಾರಿಸ್‌ನ ಚರ್ಚೊಂದರಲ್ಲಿ ಪ್ರವಚನ ಕೊಟ್ಟರು. ಐದು ದಿನ ಕಳೆದು 400 ಮೀಟರನ್ನು 47.6 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದರು. ಚಿನ್ನ ಬಂದದ್ದರಿಂದ ಕಥೆ ಪ್ರಸಿದ್ಧವಾಯಿತು. ಸೋತಿದ್ದರೂ ಆ ನಿರ್ಧಾರದ ಬೆಲೆ ಕಡಿಮೆಯಾಗುತ್ತಿರಲಿಲ್ಲ. ಬಳ್ಳಾರಿಗೆ ಲಿಡ್ಡೆಲ್ ತೀರಾ ದೂರದವರೂ ಅಲ್ಲ. ಅವರ ತಂದೆತಾಯಿ ಚೀನಾದಲ್ಲಿ ದುಡಿದದ್ದು, 1925ರಲ್ಲಿ ಅವರೇ ಶಿಕ್ಷಕರಾಗಿ ಅಲ್ಲಿಗೆ ಹೋದದ್ದು ಲಂಡನ್ ಮಿಷನರಿ ಸೊಸೈಟಿಯ ಮೂಲಕ. ಅದೇ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತಂದರು. ಬಳ್ಳಾರಿಯಲ್ಲಿ 1846ರಲ್ಲಿ ಶುರುವಾದ ವಾರ್ಡ್‌ಲಾ ಶಾಲೆಯೂ ಅದೇ ಸೊಸೈಟಿ ಕಟ್ಟಿದ್ದು.

ಲಿಡ್ಡೆಲ್ ಬದುಕಿನ ಇನ್ನೊಂದು ಘಟನೆ ಅಷ್ಟು ಪ್ರಸಿದ್ಧವಲ್ಲ. ನನಗೆ ಅದೇ ಹೆಚ್ಚು ಮುಖ್ಯ. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಅವರನ್ನು ಚೀನಾದ ವೈಶಿಯನ್ ಬಂಧನ ಶಿಬಿರದಲ್ಲಿ ಇಟ್ಟರು. ಅಲ್ಲಿ ಅವರು ಮಕ್ಕಳಿಗೆ ಪಾಠ ಹೇಳಿದರು, ಆಟ ಆಡಿಸಿದರು, ಭಾನುವಾರ ಮಾತ್ರ ಆಟದಿಂದ ದೂರ ಉಳಿದರು. ಆದರೆ ಒಂದು ಭಾನುವಾರ ಮಕ್ಕಳು ತಾವೇ ಹಾಕಿ ಆಡಲು ಹೋಗಿ ಹೊಡೆದಾಡಿಕೊಂಡಾಗ, ಮುಂದಿನ ಭಾನುವಾರ ಅವರೇ ರೆಫ್ರಿಯಾಗಿ ನಿಂತರು. ತಮ್ಮ ಚಿನ್ನಕ್ಕಾಗಿ ಮುರಿಯದ ನಿಯಮವನ್ನು ಮಕ್ಕಳ ನೆಮ್ಮದಿಗಾಗಿ ಸಡಿಲಿಸಿದರು. 1945ರ ಫೆಬ್ರುವರಿಯಲ್ಲಿ, ಬಿಡುಗಡೆಗೆ ಕೆಲವೇ ತಿಂಗಳು ಇರುವಾಗ, ಆ ಶಿಬಿರದಲ್ಲೇ ತೀರಿಕೊಂಡರು. ನಂಬಿಕೆಯನ್ನು ಅಳೆಯುವ ಒರೆಗಲ್ಲು ಇಲ್ಲಿದೆ: ಅದು ತನ್ನ ಮೇಲೆ ಬಿಗಿ, ಇತರರ ಮೇಲೆ ಮೃದು. ಎದುರಾಳಿಯನ್ನು ಕೀಳಾಗಿ ಕಾಣಿಸುವ ನಂಬಿಕೆ ಎಷ್ಟೇ ಜೋರಾಗಿ ಪ್ರಾರ್ಥಿಸಿದರೂ ಶಾಲೆಯ ಗೌರವಕ್ಕೆ ಅರ್ಹವಲ್ಲ.

ಇದಕ್ಕೆ ಆಕ್ಷೇಪಗಳಿವೆ, ಹಗುರವಾದವಲ್ಲ. ಶಾಲೆಯೊಳಗೆ ಧರ್ಮವನ್ನು ಹೊಗಳಿದರೆ ಉಳಿದ ಮಕ್ಕಳು ಹೊರಗಿನವರಾಗುವುದಿಲ್ಲವೇ? ದೇವರನ್ನು ನಂಬದ ಹುಡುಗನೂ ಪ್ರಾಮಾಣಿಕನಾಗಿ ಆಡುವುದಿಲ್ಲವೇ? ಖಂಡಿತ ಆಡುತ್ತಾನೆ. ಆದ್ದರಿಂದಲೇ ಪ್ರಶಸ್ತಿ ಸಲ್ಲಬೇಕಾದದ್ದು ನಡತೆಗೆ, ಎಲ್ಲರಿಗೂ ಒಂದೇ ಅಳತೆಯಲ್ಲಿ. ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. 28ನೇ ವಿಧಿಯ ಪ್ರಕಾರ ಮಾನ್ಯತೆ ಪಡೆದ ಶಾಲೆಯೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಪ್ರಾರ್ಥನೆಗೆ ಒತ್ತಾಯಿಸುವಂತಿಲ್ಲ. ನಂಬಿಕೆಯನ್ನು ಹೇರಬಾರದು ಎನ್ನುವ ಇದೇ ಸಂವಿಧಾನ ಅದನ್ನು ಬಚ್ಚಿಡಬೇಕು ಎನ್ನುವುದಿಲ್ಲ. ಕೇರಳದಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತು, ತಮ್ಮ ನಂಬಿಕೆಯ ಕಾರಣಕ್ಕೆ ಹಾಡದೆ ಉಳಿದ ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪು ಎಂದು 1986ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇತರರಿಗೆ ತೊಂದರೆ ಕೊಡದ ಆತ್ಮಸಾಕ್ಷಿಗೆ ಶಾಲೆಯಲ್ಲೂ ಜಾಗವಿದೆ ಎಂಬುದು ಆ ತೀರ್ಪಿನ ತಿರುಳು.

ನಮ್ಮ ನೆಲಕ್ಕೆ ಈ ವಿಚಾರ ಹೊಸತಲ್ಲ. ಕುರುಗೋಡಿನ ದೊಡ್ಡ ಬಸವೇಶ್ವರನಿಗೆ ಕೈಮುಗಿಯುವ ಜನ ಬಸವಣ್ಣನ ಹೆಸರಿನೊಂದಿಗೆ ನಡೆ ನುಡಿ ಒಂದಾಗಬೇಕೆಂಬ ಪಾಠವನ್ನೂ ಕೇಳಿಯೇ ಬೆಳೆದವರು. ಭಕ್ತಿ ನಡತೆಯಲ್ಲಿ ಕಾಣಬೇಕೆಂದು ಶರಣರು ಪಟ್ಟುಹಿಡಿದರು. ಬದುಕನ್ನು ಓಟದ ಪಂದ್ಯವಾಗಿ ಕಂಡ ಸಂತ ಪೌಲನೂ ದೇಹವನ್ನು ಹತೋಟಿಯಲ್ಲಿಟ್ಟು ಓಡು ಎಂದೇ ಕಲಿಸಿದ. ಗುಣಕ್ಕೆ ಮತ್ಸರವಿಲ್ಲ ಎನ್ನುವ ನಾವು, ಆ ಗುಣ ಬಂದ ದಾರಿ ನಮ್ಮದಲ್ಲ ಎಂಬ ಕಾರಣಕ್ಕೆ ಮತ್ಸರಪಡಬಾರದು.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಪ್ರತಿ ಕ್ರೀಡಾಕೂಟದಲ್ಲಿ ನಡತೆಗೊಂದು ಪ್ರಶಸ್ತಿ ಇರಲಿ. ಅದನ್ನು ಸ್ವಂತ ಶಾಲೆಯವರು ಆರಿಸದೆ, ಎದುರು ಆಡಿದ ತಂಡಗಳೂ ಅಂಪೈರ್‌ಗಳೂ ಆರಿಸಲಿ. ಪಡೆದ ಮಗುವಿಗೆ ಎರಡು ಮಾತಾಡಲು ಮೈಕ್ ಕೊಡಿ. ಅವಳು ಯೇಸುವಿನ ಹೆಸರೆತ್ತಲಿ, ಇನ್ನೊಬ್ಬ ಅಲ್ಲಾಹನ, ಮತ್ತೊಬ್ಬ ಅವ್ವನ ಹೆಸರೆತ್ತಲಿ, ಎಲ್ಲಕ್ಕೂ ಚಪ್ಪಾಳೆ ಒಂದೇ ಇರಲಿ. ಭಾನುವಾರ ಟೂರ್ನಿ ಇಡುವವರು ಬೆಳಗಿನ ಆರಾಧನೆ ಮುಗಿಯುವ ಹೊತ್ತನ್ನೂ, ರಂಜಾನ್ ತಿಂಗಳಲ್ಲಿ ಆಡಿಸುವವರು ಉಪವಾಸದ ಮಕ್ಕಳನ್ನೂ ನೆನೆದು ವೇಳಾಪಟ್ಟಿ ಬರೆಯಲಿ. ಚರ್ಚಿಗೆ ಹೋಗುತ್ತಾಳೆಂದು ಯಾರಿಗೂ ಪ್ರಶಸ್ತಿ ಕೊಡಬಾರದು. ಚರ್ಚಿಗೆ ಹೋಗುತ್ತಾಳೆಂದು ತಪ್ಪಿಸಲೂಬಾರದು. ಸೋಲನ್ನು ಒಪ್ಪಿಕೊಳ್ಳುವ ಧೈರ್ಯ ತನಗೆ ಎಲ್ಲಿಂದ ಬಂತೆಂದು ಒಂದು ಮಗು ಅಂಜದೆ ಹೇಳಬಲ್ಲ ಶಾಲೆಯೇ ನಿಜಕ್ಕೂ ಎಲ್ಲರ ಶಾಲೆ.