ವಿಧವೆಯ ಪಿಂಚಣಿ: ಒಂದು ತಪ್ಪು ಕಲ್ಪನೆ

ಮನೆಯ ಯಜಮಾನ ತೀರಿಕೊಂಡ ಮೇಲೆ ಏಳನೆಯ ದಿನದ, ತಿಂಗಳ ಪೂಜೆಗಳನ್ನು ನಾವು ತಪ್ಪಿಸುವುದಿಲ್ಲ. ಆದರೆ ಆತನ ಭವಿಷ್ಯನಿಧಿಯ ಕಾಗದಪತ್ರಗಳನ್ನು ತೆರೆದು ನೋಡುವವರು ವಿರಳ. "ಹತ್ತು ವರ್ಷ ಸೇವೆಯಾಗಿರಲಿಲ್ಲ, ಪಿಂಚಣಿ ಎಲ್ಲಿಂದ ಬಂದೀತು?" ಎಂಬ ಮಾತು ನಮ್ಮಲ್ಲಿ ಬೇರೂರಿಬಿಟ್ಟಿದೆ.

ಇದು ತಪ್ಪು. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷದ ನಿಯಮವಿರುವುದು ನಿವೃತ್ತನಾಗುವ ಸದಸ್ಯನಿಗೆ. ಸೇವೆಯಲ್ಲಿರುವಾಗಲೇ ಆತ ಮೃತನಾದರೆ, ಒಂದೇ ತಿಂಗಳ ವಂತಿಗೆ ಸಂದಿದ್ದರೂ ಪತ್ನಿಗೆ ಹಕ್ಕುಂಟು. ಏಕಕಾಲಕ್ಕೆ ಇಬ್ಬರು ಮಕ್ಕಳಿಗೆ, 25 ವರ್ಷ ತುಂಬುವವರೆಗೆ, ಆಕೆಯ ಪಿಂಚಣಿಯ ಶೇಕಡಾ 25ರಷ್ಟು ಪ್ರತ್ಯೇಕವಾಗಿ ಸಲ್ಲುತ್ತದೆ. ಆಕೆ ಮರುವಿವಾಹವಾದರೆ ಆಕೆಯ ಪಿಂಚಣಿ ನಿಲ್ಲುವುದು. ಮಕ್ಕಳದು ನಿಲ್ಲದು, ಶೇಕಡಾ 75ಕ್ಕೆ ಏರುವುದು. ದುಡಿಯುತ್ತಿದ್ದ ಪತ್ನಿ ತೀರಿಕೊಂಡರೆ ಪತಿಗೂ ಇದೇ ನಿಯಮ.

ಮೊತ್ತ ದೊಡ್ಡದಲ್ಲ. 2014ರಲ್ಲಿ ಗೊತ್ತುಮಾಡಿದ ತಿಂಗಳಿಗೆ 1,000 ರೂಪಾಯಿಯ ಕನಿಷ್ಠ ಮಿತಿ ಮುಂದಿನ ಹತ್ತು ವರ್ಷ ಕದಲಲಿಲ್ಲ. ಅಕ್ಕಿ, ಔಷಧಿಗಳ ಬೆಲೆಯೇನೂ ನಿಂತಲ್ಲಿ ನಿಂತಿರಲಿಲ್ಲ. ಇದನ್ನು ನ್ಯಾಯವೆನ್ನಲಾಗದು. ಆದರೆ ಅರ್ಜಿಯನ್ನೇ ಸಲ್ಲಿಸದಿದ್ದರೆ ಅದೂ ಇಲ್ಲ.

ಅರ್ಜಿಯ ನಮೂನೆ 10-ಡಿ. ಮರಣ ಪ್ರಮಾಣಪತ್ರ, ಮಕ್ಕಳ ವಯಸ್ಸಿನ ದಾಖಲೆ, ಬ್ಯಾಂಕ್ ಖಾತೆಯ ವಿವರ ಜೊತೆಗಿರಬೇಕು. ಸಾಂತ್ವನ ಹೇಳಲು ಹೋಗುವ ನಾವು ಆ ನಮೂನೆಯನ್ನೂ ಕೊಂಡೊಯ್ದು, ಕುಳಿತು ತುಂಬಿಸಿಕೊಟ್ಟು ಬರೋಣ.