ದಾನ ಬೇಡ, ಲೆಕ್ಕ ಕೊಡಿ

ಹಳ್ಳಿಯ ಸರ್ಕಾರಿ ಶಾಲೆಯ ಬೆಂಚಿನ ಮೇಲೆ, ಶುದ್ಧ ನೀರಿನ ಘಟಕದ ಗೋಡೆಯ ಮೇಲೆ ಈಚೆಗೆ ಯಾವುದಾದರೊಂದು ಕಂಪನಿಯ ಹೆಸರು ಕಾಣುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಫಲ ಅದು. ನಿಗದಿತ ಮಟ್ಟದ ಲಾಭ ಅಥವಾ ವಹಿವಾಟು ಇರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಆ ಬೆಂಚಿನ ಮೇಲೆ ಕೂತು ಓದುವ ಮಕ್ಕಳಿದ್ದಾರೆ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಹವಾಮಾನವೇ ಹದಗೆಡುತ್ತಿರುವ ಕಾಲದಲ್ಲಿ ಕಂಪನಿಯ ಹೊಣೆ ಈ ಶೇ 2ಕ್ಕೆ ಮುಗಿಯಿತು ಎಂದುಕೊಂಡರೆ, ಉಳಿದ ಶೇ 98 ಹೇಗೆ ಬಂತು ಎಂದು ಕೇಳುವ ಹಕ್ಕನ್ನು ನಾವೇ ಕೈಬಿಟ್ಟಂತೆ.

ಕಂಪನಿಗೆ ಲಾಭ ಮಾಡುವುದೊಂದೇ ಸಾಮಾಜಿಕ ಹೊಣೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ಬರೆದರು. ನಿಯಮಗಳ ಒಳಗಿದ್ದು, ಮೋಸವಿಲ್ಲದೆ ಎಂಬ ಷರತ್ತನ್ನೂ ಹಾಕಿದ್ದರು. ವಾದದಲ್ಲಿ ತೂಕವಿದೆ: ಷೇರುದಾರರ ಹಣದಲ್ಲಿ ದಾನ ಮಾಡಲು ವ್ಯವಸ್ಥಾಪಕ ಯಾರು? ಆದರೆ ವಾದ ಮುರಿದುಬೀಳುವುದು ಆ ಷರತ್ತಿನಲ್ಲೇ. ಭೂಮಿಯ ತಾಪ ಎಷ್ಟು ಏರುತ್ತದೆಂದು ಎಕ್ಸಾನ್ ಕಂಪನಿಯ ಸ್ವಂತ ವಿಜ್ಞಾನಿಗಳು 1970ರ ದಶಕದ ಕೊನೆಯಿಂದಲೇ ಲೆಕ್ಕ ಹಾಕುತ್ತಿದ್ದರು. ಆ ಲೆಕ್ಕ ಬಹುಪಾಲು ಸರಿಯಾಗಿತ್ತೆಂದು 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಅದೇ ಕಂಪನಿ ಹೊರಗೆ ಜನರಲ್ಲಿ ಅನುಮಾನ ಬಿತ್ತಿತು. ನಿಯಮ ಬಾರದಂತೆ ತಡೆಯುವ ಶಕ್ತಿ ಇರುವವರು 'ನಾವು ನಿಯಮ ಮೀರಿಲ್ಲ' ಎಂದರೆ ಆ ಮಾತಿಗೆ ಬೆಲೆಯಿಲ್ಲ.

ತೈಲ ಕಂಪನಿಗಳನ್ನು ದೂರುವುದು ಸುಲಭ. ಲಾಭ ಹೇಗೆ ಬಂತೆಂಬ ಅದೇ ಪ್ರಶ್ನೆಯನ್ನು ಹಸಿರು ಇಂಧನದವರಿಗೆ ಕೇಳಲು ನಾವು ಹಿಂಜರಿಯುತ್ತೇವೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಸುತ್ತಮುತ್ತಲಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣಗೊಂಡಿತು. ಬರದ ಸೀಮೆ ಅದು, ಶೇಂಗಾ ಬಿತ್ತಿ ಮುಗಿಲು ನೋಡುತ್ತಿದ್ದ ನೆಲ. ಸರ್ಕಾರ ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಜಮೀನು ರೈತನ ಹೆಸರಿನಲ್ಲೇ ಉಳಿಯಿತು. ಕೈಗಾರಿಕೆಗೆ ಭೂಮಿ ಕಳೆದುಕೊಂಡು ಪರಿಹಾರಕ್ಕಾಗಿ ಕೋರ್ಟು ಅಲೆದವರನ್ನು ಕಂಡ ನಾಡಿನಲ್ಲಿ ಇದು ಮೆಚ್ಚಬೇಕಾದ ಹೆಜ್ಜೆ, ಮನಸಾರೆ ಮೆಚ್ಚುತ್ತೇನೆ.

ಆದರೆ ಆ ಗುತ್ತಿಗೆ ಹಣ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ತೆಗೆದು, ಶೇಂಗಾ ಕಿತ್ತು, ಬಳ್ಳಿಯಿಂದ ಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವರ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ. ಕುರಿ ಮೇಯಿಸುತ್ತಿದ್ದವರಿಗೆ ಬೇಲಿ ಬಿತ್ತು. ಪಾರ್ಕ್ ನಡೆಯತೊಡಗಿದ ಮೇಲೆ ಉಳಿದದ್ದು ಹುಲ್ಲು ಕೊಯ್ಯುವುದು, ಪ್ಯಾನೆಲ್ ತೊಳೆಯುವುದು, ಕಾವಲು ಕಾಯುವುದು. ಅಷ್ಟೂ ಸೇರಿದರೆ ಊರಿನ ಕೈಗಳಿಗೆಲ್ಲ ಸಾಲುವ ಕೆಲಸವಲ್ಲ. ಭೂಮಿಯ ಬಿಸಿ ಇಳಿಸುವ ಈ ಮಹಾ ಕೆಲಸದಲ್ಲಿ ಮೊದಲು ಬೆಲೆ ತೆತ್ತವರು, ಬಿಸಿ ಏರಿಸುವುದರಲ್ಲಿ ಪಾಲೇ ಇಲ್ಲದವರು. ಅವರಿಗೆ ಒಂದು ಆರೋಗ್ಯ ಶಿಬಿರ, ಮಕ್ಕಳಿಗೆ ನಾಲ್ಕು ಶಾಲಾ ಚೀಲ ಕೊಟ್ಟರೆ ಋಣ ತೀರುವುದಿಲ್ಲ. ಕಳೆದುಕೊಂಡದ್ದು ಕೂಲಿ. ಸಿಗಬೇಕಾದದ್ದು ವರ್ಷ ವರ್ಷವೂ ಬರುವ, ಕೇಳಿ ಪಡೆಯಬಹುದಾದ ಹಣ.

ಇದಕ್ಕೊಂದು ಮಾದರಿ ನಮ್ಮಲ್ಲೇ ಇದೆ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ತಂದು ಜಿಲ್ಲಾ ಖನಿಜ ಪ್ರತಿಷ್ಠಾನ ಸ್ಥಾಪಿಸಿದರು. ಗಣಿ ನಡೆಸುವವರು ರಾಜಧನದ ಜೊತೆಗೆ ಅದರ ಒಂದು ಭಾಗದಷ್ಟನ್ನು ಗಣಿಯಿಂದ ಬಾಧಿತರಾದವರಿಗಾಗಿ ಕಟ್ಟಲೇಬೇಕು. ಲಾಭವಾಗಲಿ ನಷ್ಟವಾಗಲಿ, ಅದಿರು ಎತ್ತಿದರೆ ಹಣ ಕೊಡಬೇಕು. ಆ ಹಣದ ಬಳಕೆಯ ಬಗ್ಗೆ ಬಳ್ಳಾರಿಯವರಿಗೆ ದೂರುಗಳಿವೆ ನಿಜ, ಆದರೆ ದೂರಲಿಕ್ಕಾದರೂ ಅಲ್ಲೊಂದು ಹಕ್ಕಿದೆ.

ಸೂರ್ಯನ ಬೆಳಕಿಗೂ ಈ ಲೆಕ್ಕ ಹಾಕಬಹುದು. ಒಂದು ಮೆಗಾವಾಟ್ ಸೋಲಾರ್ ಘಟಕ ವರ್ಷಕ್ಕೆ 15 ಲಕ್ಷ ಯೂನಿಟ್ ಕೊಡುತ್ತದೆಂದು ಕೈ ಬಿಗಿಹಿಡಿದೇ ಅಂದಾಜಿಸಿದರೂ ಪಾವಗಡದಷ್ಟು ದೊಡ್ಡ ಪಾರ್ಕಿನಿಂದ 300 ಕೋಟಿ ಯೂನಿಟ್ ದಾಟುತ್ತದೆ. ಯೂನಿಟ್‌ಗೆ 5 ಪೈಸೆ ತೆಗೆದಿಟ್ಟರೆ ವರ್ಷಕ್ಕೆ 15 ಕೋಟಿ ರೂಪಾಯಿ. ಐದು ಹಳ್ಳಿಗಳ ಭೂರಹಿತರಿಗೆ ಅದು ಬದುಕು ಬದಲಿಸುವ ಮೊತ್ತ. ವಿದ್ಯುತ್ ದುಬಾರಿಯಾಗುತ್ತದೆ, ಬಂಡವಾಳ ಓಡಿಹೋಗುತ್ತದೆ ಎನ್ನುವವರಿದ್ದಾರೆ. ದುಬಾರಿಯಾಗಲಿ. 5 ಪೈಸೆ ಈಗಲೂ ಖರ್ಚಾಗುತ್ತಲೇ ಇದೆ, ಕೂಲಿ ಕಳೆದುಕೊಂಡವರ ಮನೆಯಿಂದ. ಆ ವಿದ್ಯುತ್ತಿನಲ್ಲಿ ಫ್ಯಾನು ತಿರುಗಿಸುವ ನಾವೂ, ಅದನ್ನು ಮಾರುವ ಕಂಪನಿಯೂ ಆ 5 ಪೈಸೆಯನ್ನು ಹೊರಬೇಕಾದದ್ದು ನ್ಯಾಯ.

ಒಮ್ಮೆ ವಿದ್ಯುತ್ ಖರೀದಿ ಒಪ್ಪಂದಕ್ಕೆ ಸಹಿ ಬಿದ್ದರೆ ಸಾಮಾನ್ಯವಾಗಿ 25 ವರ್ಷ ದರ ಬದಲಾಗುವುದಿಲ್ಲ. ಆದ್ದರಿಂದ ಮುಂದಿನ ಪಾರ್ಕ್‌ಗಳ ಟೆಂಡರ್ ಕರೆಯುವ ಮೊದಲೇ ಸರ್ಕಾರ ಈ 5 ಪೈಸೆಯ ಷರತ್ತನ್ನು ಬರೆಯಬೇಕು. ಬೇಲಿ ಹಾಕುವ ಮುನ್ನ ಆ ನೆಲದಲ್ಲಿ ದುಡಿಯುವವರ, ಕುರಿ ಮೇಯಿಸುವವರ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಬೇಕು. ನಿಮ್ಮ ತಾಲ್ಲೂಕಿನಲ್ಲಿ ಇಂಥ ಯೋಜನೆಯ ಸುದ್ದಿಯಿದ್ದರೆ ಆ ಸಭೆಗೆ ಹೋಗಿ, ಪಟ್ಟಿ ಎಲ್ಲಿ ಎಂದು ಕೇಳಿ.